ನುಜಹತ ತೋಡಿದ ಎರಡು ಕುಣಿ

ನುಜಹತ ಮೊದಲ ಸಲ ನಮ್ಮ ಮನಿಗೆ ಬಂದಾಗ ನನ್ನ ತಮ್ಮ ಶಂಕ್ರಪ್ಪ ಆಕಿ ಬೆನ್ನ ಹಿಂದ, ಹಾದಿ ಕಡೆ ನೋಡಿದ. ವಯರಮನ್ ಹಿಂದ ಬರಾಕತ್ತಿರಬೇಕು, ಈಕಿ ಅವನ ತಂಗಿಯೋ ಮತ್ತ್ಯಾರೋ ಅಂತ ಅವನ ತಿಳುವಳಿಕಿ. ಸ್ಕೂಟರಿನ ಮುಂದ ವಯರಿನ ಸುರುಳಿ, ಹಿಂದ ಕಟ್ಟಿದ ಕಬ್ಬಿಣದ ಹಾರಿ, ಹೆಗಲಿಗೆ ಒಂದು ಚೀಲ. ಚೂಡಿದಾರದ ಮ್ಯಾಲ ಗಂಡಸರ ದೊಡ್ಡ ಅಂಗಿ ಹಾಕ್ಕೊಂಡು, ತಲಿಗೆ ಓಢಣಿ ಬಿಗಿಯಾಗಿ ಕಟ್ಟಿದ್ದಳು. ವಯಸ್ಸು ಇಪ್ಪತ್ತೆಂಟರ ಆಸುಪಾಸು.

"ವಯರಮನ್ ಎಲ್ಲಿ ಅದಾನವಾ?" ಅಂದ ಶಂಕ್ರಪ್ಪ.

"ನಾನ ಬಂದೇನಲ್ರಿ ಕಾಕಾ. ಮೇನ್ ಸ್ವಿಚ್ ತೋರಸ್ರಿ."

ತೋರಿಸಿದ. ಆಕಿ ಸ್ವಿಚ್ ಕೆಳಗ ಎಳೆದಳು, ಫ್ಯೂಸ್ ಕಿತ್ತಳು, ಕಿತ್ತ ಫ್ಯೂಸನ್ನ ಅಂಗಿ ಜೇಬಿನ್ಯಾಗ ಹಾಕ್ಕೊಂಡು ಗುಂಡಿ ಹಾಕಿದಳು.

"ಅದನ್ಯಾಕ ಜೇಬಿನ್ಯಾಗ ಇಟ್ಕೊಂತಿ? ನಾವೇನು ಕದೀತೇವೇನು?"

"ನಾ ಅಲ್ಲಿ ವಯರ ಹಿಡಿದಿರತೇನಿ, ನಿಮ್ಮ ಮನ್ಯಾಗ ಯಾರರೆ ಫ್ಯಾನ್ ಯಾಕ ನಿಂತೈತಿ ಅಂತ ಬಂದು ಇದನ್ನ ಚುಚ್ಚಿಬಿಡ್ತಾರ್ರಿ. ಫ್ಯೂಸ್ ನನ್ನ ಕಡೆ ಇದ್ರ ಜೀವಾನೂ ನನ್ನ ಕಡೆ."

ಆಕಿ ಅಪ್ಪ ನಯೀಮನ ಎಡಗೈಯ ಎರಡು ಬೆರಳು ಹಿಂಗ ಯಾರೋ ಫ್ಯೂಸ್ ಚುಚ್ಚಿದ್ದಕ್ಕ ಸುಟ್ಟು ಸೊಟ್ಟಗ ಆಗ್ಯಾವಂತ. ಅದು ನನಗ ಆಮ್ಯಾಲ ತಿಳೀತು.

ಈ ಕೆಲಸ ಯಾಕ ಅಷ್ಟು ಅವಸರದ್ದು ಅನ್ನೋದನ್ನ ಮೊದಲ ಹೇಳಬೇಕು. ನಾವು ಹಿರೇಬೆಂಡಿಗೇರಿಯವರು. ಶಂಕ್ರಪ್ಪನ ಸೊಸಿ ಐಶ್ವರ್ಯ ಹಾನಗಲ್ಲಿನ ದವಾಖಾನಿಯೊಳಗ ನರ್ಸು. ಎಂಟು ತಿಂಗಳ ಹೆಣ್ಣುಕೂಸು ಐತಿ, ಇನ್ನೂ ಮೊಲಿ ಬಿಟ್ಟಿಲ್ಲ. ರಜಾ ಮುಗಿದು ಸೋಮವಾರ ಕೆಲಸಕ್ಕ ಹಾಜರಾಗಬೇಕಿತ್ತು. ಬಸ್ಸಿಗೆ ಹೋದರ ಇಲ್ಲಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ಹಾನಗಲ್ಲು. ನಸುಕಿನ್ಯಾಗ ಬಿಟ್ಟರ ದೀಪ ಹಚ್ಚಿದ ಮ್ಯಾಲ ಮನಿ. ಅದಕ್ಕ ಹಾನಗಲ್ಲಿನ್ಯಾಗ ಒಂದು ಖೋಲಿನೂ ನೋಡಿ ಬಂದಿದ್ದಳು. ಆದರ ಕೂಸಿನ್ನ ಅಲ್ಲಿಗೆ ಒಯ್ದರ ಡ್ಯೂಟಿ ಹೊತ್ತಿನ್ಯಾಗ ಹಿಡಿಯೋರಿಲ್ಲ, ಇಲ್ಲಿ ಬಿಟ್ಟರ ಅದಕ್ಕ ವಾರಕ್ಕೊಮ್ಮೆ ತಾಯಿ ಮಾರಿ. ಆಕಿ ಗಂಡ ಲೋಹಿತ ಶಿಗ್ಗಾಂವಿಯೊಳಗ ಬೀಜದ ಅಂಗಡಿ ನಡೆಸ್ತಾನ. ಅವ ವಿಚಾರ ಮಾಡಿ, ಹಿರೇಕೆರೂರಿನ ಮಾಸ್ತರೊಬ್ಬರು ಎರಡು ವರ್ಷ ಓಡಿಸಿದ್ದ ಸಣ್ಣ ಕರೆಂಟಿನ ಕಾರು ತಗೊಂಡು ಬಂದ. ಸಂಜೀಕ ಬಂದು ಚುಚ್ಚಿಟ್ಟರ ಬೆಳಗಾಗೂದರೊಳಗ ತುಂಬಿರತೈತಿ, ಐಶ್ವರ್ಯ ಎಂಟಕ್ಕ ಬಿಟ್ಟು ಐದೂವರೆಗೆ ಮನ್ಯಾಗ ಇರತಾಳ. ದಿನಾ ಹೈವೇಕ್ಕ ಹೋಗಿ ಅಲ್ಲಿ ಚಾರ್ಜ್ ಮಾಡಿಸ್ಕೊಂತ ಕುಂತರ ಅದಕ್ಕಿಂತ ಬಸ್ಸ ಭೇಷಿ. ಹಿಂಗಾಗಿ ಸೋಮವಾರದೊಳಗ ಕಾರು ಮನ್ಯಾಗ ಚಾರ್ಜ್ ಆಗಬೇಕು. ಇಲ್ಲಾಂದರ ಖೋಲಿ.

ನುಜಹತನ ಹೆಸರು ಹೇಳಿದಾಕಿ ಐಶ್ವರ್ಯನ. ಹಾನಗಲ್ಲಿನ್ಯಾಗ ಕಣ್ಣಿನ ಕ್ಯಾಂಪು ಆದಾಗ ಈ ಹುಡುಗಿ ಸವಣೂರಿನಿಂದ ಅಪ್ಪನ್ನ ಕರ್ಕೊಂಡು ಬಂದಿದ್ದಳಂತ. ಅಪ್ಪನ ಕಣ್ಣಿಗೆ ಪಟ್ಟಿ ಕಟ್ಟೂತನಕ ಸುಮ್ಮನ ಕುಂದರಲಾರದ, ವಾರ್ಡಿನ್ಯಾಗ ಚರ್‍ ಚರ್‍ ಅನ್ನೋ ಪ್ಲಗ್ಗು ಬಿಚ್ಚಿ ಸರಿ ಮಾಡಿಟ್ಟಿದ್ದಳು. "ಕೇಳಿ ಬಿಚ್ಚಿದಳು, ಹೇಳಿ ಮುಚ್ಚಿದಳು. ಅಂಥಾ ವಯರಮನ್ ನಾ ನೋಡಿಲ್ಲ ಅತ್ತಿ" ಅಂತ ಐಶ್ವರ್ಯ ನನಗ ಹೇಳಿದ್ದಳು.

ನಾ ಕಟ್ಟಿ ಮ್ಯಾಲ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತು, ಆಕಿ ಕೆಲಸ ನೋಡತಿದ್ದೆ. ಕೈ ಕೆಲಸದ ಮ್ಯಾಲ ಇದ್ದಾಗ ಆಕಿ ಮಾತು ತಾನಾಗೇ ಬರತಿತ್ತು. ಸವಣೂರಿನ್ಯಾಗ ನಯೀಮಂದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪಸೆಟ್ಟಿನ ತಂತಿ ಬಿಚ್ಚಿ ಹೊಸಾದು ಸುತ್ತೋದು. ಈಕಿ ಎಂಟು ವರ್ಷದಾಕಿ ಇದ್ದಾಗಿಂದ ಅಪ್ಪ ಸುತ್ತೋದು, ಮಗಳು ಸುತ್ತು ಎಣಿಸೋದು. ಒಂದು ಸುತ್ತು ತಪ್ಪಿದರ ರೈತನ ಮೋಟರು ವಾರದಾಗ ಮತ್ತ ಸುಡತೈತಿ. ಅಪ್ಪನ ಕಣ್ಣು ಮಂಜಾದ ಮ್ಯಾಲ ಸುತ್ತೋದೂ ಈಕಿದ ಆತು. ಆಮ್ಯಾಲ ಐಟಿಐಗೆ ಹೋದಳು, ಗಂಡುಹುಡುಗರ ನಡುವ ಒಬ್ಬಾಕಿ.

"ಏಣಿ ಹಿಡೀರಿ ಅಂದ್ರ ಒಬ್ಬನೂ ಹಿಡೀತಿರಲಿಲ್ರಿ ಅಮ್ಮಾರ. ಅದಕ್ಕ ಏಣಿನ್ನ ಗೋಡಿಗೆ ಹಗ್ಗಲೆ ಕಟ್ಟಿ ಹತ್ತೋದು ಕಲತೆ. ಈಗ ಯಾರು ಹಿಡದ್ರೂ ನಾ ಕಟ್ಟೇ ಹತ್ತತೇನಿ."

ಚಾ ತಂದು ಕೊಟ್ಟರ, "ರೋಜಾ ಐತ್ರಿ" ಅಂದು ಕೈ ಮುಗಿದಳು. ರಂಜಾನ್ ತಿಂಗಳು ನಡೆದಿತ್ತು. ಬ್ಯಾಸಗಿ ಬಿಸಿಲು ಆಗಲೇ ಸುರುವಾಗಿತ್ತು.

ಚಾರ್ಜ್ ಮಾಡೋ ಪೆಟಗಿ ಗೋಡಿಗೆ ಕೂಡಿಸೋದು, ಮೀಟರಿನಿಂದ ಅದಕ್ಕ ದಪ್ಪ ವಯರು ಎಳೆಯೋದು, ಇದೆಲ್ಲ ಶುಕ್ರವಾರ ಮಧ್ಯಾಹ್ನಕ್ಕ ಮುಗೀತು. ಕರೆಂಟಿನ ಆಫೀಸಿನ ಕಾಗದಪತ್ರ ಲೋಹಿತ ಮೊದಲ ಮಾಡಿಸಿದ್ದ. ಉಳಿದದ್ದು ಅರ್ತಿಂಗು. ಕರೆಂಟು ದಾರಿ ತಪ್ಪಿದರ ಮನಿಷಾನ ಮೈಯಾಗ ಹೋಗದಂಗ ನೆಲಕ್ಕ ಇಳಿಸೋ ವಯರು ಅದು. ಅದು ಸರಿ ಇಲ್ಲಾಂದರ ಪೆಟಗಿ ಕಾರಿಗೆ ಕರೆಂಟು ಬಿಡೂದಿಲ್ಲ. ನಮ್ಮ ಹಳೇ ಅರ್ತಿಂಗ್ ವಯರನ್ನ ಆಕಿ ಹಿಡಕೊಂಡು ಹೋದಳು, ಹೋದಳು, ಕಡೀಕ ಅದು ನಳದ ಪೈಪಿಗೆ ಸುತ್ತಿತ್ತು. ಕಬ್ಬಿಣದ ಪೈಪು ತಗದು ಪ್ಲಾಸ್ಟಿಕ್ ಹಾಕಿ ಐದು ವರ್ಷ ಆಗಿತ್ತು. "ಐದು ವರ್ಷ ನಿಮ್ಮನ್ನ ದೇವರು ಕಾಯ್ದಾನ್ರಿ ಕಾಕಾ, ಈ ವಯರಲ್ಲ" ಅಂದಳು.

ಹೊಸಾ ಕುಣಿ ಬೇಕಾತು. ಎಂಟು ಫೂಟು ಆಳ ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಲಿ, ಉಪ್ಪು ಹಾಕಿ ಮುಚ್ಚಬೇಕು. ಮನಿ ಮುಂದಿನ ನೆಲ ಕಲ್ಲಿನಂಗ ಗಟ್ಟಿ. ಆಗ ಶಂಕ್ರಪ್ಪ ಜಾಣತನ ತೋರಿಸಿದ.

"ಕಲ್ಲು ಒಡೆಯೋದ್ಯಾಕ? ಕಾರು ನಿಲ್ಲೋ ಜಾಗದ ಮಗ್ಗಲ ಹಗೇವು ಐತಲ್ಲ. ತಯಾರ ಕುಣಿ. ನಮ್ಮಪ್ಪ ಮುಚ್ಚಿಸಿದ್ದು, ಮಣ್ಣು ಮೆತ್ತಗ ಐತಿ."

ಹಗೇವು ಅಂದರ ನಮ್ಮ ಕಡೆ ಹಿಂದಿನವರು ಜೋಳ ಇಡಾಕ ನೆಲದಾಗ ತೋಡತಿದ್ದ ಕುಣಿ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಈಗ ಯಾರ ಮನ್ಯಾಗೂ ಉಪಯೋಗ ಇಲ್ಲ.

"ಒಳಗ ಏನ ತುಂಬೀರ್ರಿ?" ಅಂತ ನುಜಹತ ಕೇಳಿದಳು.

"ಮಣ್ಣು. ಮತ್ತೇನ ತುಂಬತಾರ?"

ಆಕಿ ಎರಡು ಫೂಟು ತೋಡಿ ನೋಡಿದಳು, ಮಣ್ಣ ಇತ್ತು. ಮುಂದ ಹಾರಿಲೆ ತೂತು ಹೊಡೆದು ಪೈಪು ಇಳಿಸಿದರ ಬೆಣ್ಣಿಯೊಳಗ ಚಾಕು ಹೋದಂಗ ಇಳೀತು. ಉಪ್ಪು, ಇದ್ದಲಿ ಹಾಕಿ ಹತ್ತು ಕೊಡ ನೀರು ಹೊಯ್ದಳು. ಆಮ್ಯಾಲ ಚೀಲದಿಂದ ಒಂದು ಗುಂಡು ಬಲ್ಬು ತಗದು, ಅದರ ಒಂದು ವಯರು ಕರೆಂಟಿಗೆ, ಇನ್ನೊಂದು ಈ ಪೈಪಿಗೆ ಹಿಡಿದಳು. ಬಲ್ಬು ಝಗ್ಗನೆ ಹತ್ತಿತು. ನೆಲ ಕರೆಂಟನ್ನ ಚಲೋ ತಗೊಳ್ಳಾಕತ್ತೈತಿ ಅನ್ನೋದಕ್ಕ ಅದು ಗುರುತು. ಪೆಟಗಿಯ ಹಸರು ದೀಪ ಬಂತು, ಕಾರು ಚಾರ್ಜ್ ಆಗಾಕ ಹತ್ತಿತು. ಶಂಕ್ರಪ್ಪ ಓಣಿಯ ಮಂದಿನ್ನ ಕರೆದು ಕರೆದು ತೋರಿಸಿದ. ಅರ್ಧ ದಿನದ ಕಲ್ಲು ಒಡೆಯೋ ಕೆಲಸ ತಾನ ಉಳಿಸಿದ್ದು ಅಂತ ಹೇಳೋದನ್ನೂ ಮರೀಲಿಲ್ಲ.

ಶನಿವಾರ ಬೆಳಿಗ್ಗೆ ನೋಡಿದರ ಪೆಟಗಿಯ ಮ್ಯಾಲ ಕೆಂಪು ದೀಪ ಬಡಕೊಳ್ಳಾಕತ್ತಿತ್ತು. ಕಾರು ಕಾಲುಭಾಗನೂ ತುಂಬಿರಲಿಲ್ಲ.

ಫೋನು ಮಾಡಿದ ಒಂದು ತಾಸಿಗೆ ನುಜಹತ ಸವಣೂರಿನಿಂದ ಬಂದಳು. ಮೊದಲ ಬಲ್ಬು ಹಿಡಿದಳು. ನಿನ್ನೆ ಝಗ್ಗನೆ ಹತ್ತಿದ್ದು ಇವತ್ತ ಕೆಂಪಗ, ಆರಾಕ ಬಂದ ಕೆಂಡದಂಗ ಇತ್ತು. ಅದನ್ನ ನೋಡಿಕೊಂತ ಸುಮಾರು ಹೊತ್ತು ಕುಕ್ಕರಗಾಲಿನ್ಯಾಗ ಕುಂತಳು.

"ನೀರು ಕಮ್ಮಿ ಆಗೈತಿ" ಅಂದ ಶಂಕ್ರಪ್ಪ, ತಾನ ಎರಡು ಕೊಡ ತಂದು ಹೊಯ್ದ. ಬಲ್ಬು ಬೆಳ್ಳಗಾತು, ಹಸರು ದೀಪ ಬಂತು. "ನೋಡು, ಇಷ್ಟ. ದಿನಾ ಮುಂಜಾನೆ ಎರಡು ಕೊಡ ಹಾಕಿದ್ರಾತು. ಗಿಡಕ್ಕ ಹಾಕೂದಿಲ್ಲೇನು, ಹಂಗ."

"ಗಿಡ ಒಣಗಿದ್ರ ಎಲಿ ಉದುರತಾವ್ರಿ ಕಾಕಾ, ಗೊತ್ತಾಗತೈತಿ. ಇದು ಒಣಗಿದ್ದು ಗೊತ್ತಾಗೂದು ಯಾರಿಗರೆ ಶಾಕ್ ಹೊಡದಾಗ."

ಹಂಗಂದು ಆಕಿ ಸೀದಾ ನನ್ನ ಕಡೆ ಬಂದಳು. ಕಟ್ಟಿ ಕೆಳಗ ನೆಲದ ಮ್ಯಾಲ ಕುಂತಳು.

"ಅಮ್ಮಾರ, ಈ ಹಗೇವು ತುಂಬಿದಾಗ ನೀವು ಇಲ್ಲೇ ಇದ್ರೇನ್ರಿ?"

ಇದ್ದೆ. ನಾ ಆಗ ಬಾಣಂತನಕ್ಕ ತವರಿಗೆ ಬಂದಿದ್ದೆ, ಶಂಕ್ರಪ್ಪ ಹಾಸ್ಟೆಲ್ಲಿನ್ಯಾಗ ಓದಾಕತ್ತಿದ್ದ. ಹಗೇವು ಹೆಂಗ ಮಾಡತಿದ್ದರು ಅಂತ ಆಕಿ ಕೇಳಿದಳು, ನಾ ಹೇಳಿದೆ. ಊರಾಗ ಎಲ್ಲಾಕ್ಕಿಂತ ಒಣಾ ನೆಲ ಹುಡುಕಿ ತೋಡತಿದ್ದರು. ತೋಡಿದ ಮ್ಯಾಲ ಒಳಗ ಕಟಿಗಿ ತುಂಬಿ ಬೆಂಕಿ ಹಚ್ಚಿ, ಗೋಡಿ ಇಟ್ಟಂಗಿಯಂಗ ಸುಡತಿದ್ದರು. ಸುತ್ತ ಹುಲ್ಲು ಕೊಟ್ಟು ಜೋಳ ಹಾಕತಿದ್ದರು. ಹೊರಗಿನ ಒಂದು ಹನಿ ಹಸಿ ಒಳಗ ಬರಬಾರದು, ಅದ ಅದರ ಕೆಲಸ. ಮುಚ್ಚಿದಾಗ ಹಾಕಿದ್ದು ಒಲಿಯ ಬೂದಿ, ಜೋಳದ ಹೊಟ್ಟು, ಒಡದ ಹಂಚು. ಮಣ್ಣು ಮ್ಯಾಲ ಎರಡು ಮೂರು ಫೂಟು ಅಷ್ಟ.

ನುಜಹತ ಒಂದು ಮಾತೂ ನಡುವ ಹಾಕದ ಕೇಳಿದಳು. ನನ್ನ ಮಾತು ಮುಗಿದ ಮ್ಯಾಲೂ, ಇನ್ನೇನರೆ ಬರತೈತೇನೋ ಅಂತ ಸ್ವಲ್ಪ ಕಾದಳು. ಓದಿದವರು ಹಂಗ ಕೇಳಿದ್ದು ನಾ ಭಾಳ ಕಂಡಿಲ್ಲ. ನನಗೂ ಇದೆಲ್ಲ ಶುಕ್ರವಾರನ ಗೊತ್ತಿತ್ತು, ಆದರ ಬೂದಿಗೂ ಕರೆಂಟಿಗೂ ಏನು ಸಂಬಂಧ ಅಂತ ನನಗ ಹೆಂಗ ತಿಳೀಬೇಕು?

ಆಕಿ ಎದ್ದು ಶಂಕ್ರಪ್ಪನ ಮುಂದ ನಿಂತಳು. ಅವನ ಮಾರಿ ಸಣ್ಣಗಾಗಿತ್ತು, ಮಣ್ಣು ಅಂತ ಹೇಳಿದಾವ ಅವನ. ಬೈಯತಾಳ ಅಂತ ನಾ ತಿಳಕೊಂಡೆ.

"ಕಾಕಾ, ತಪ್ಪು ನಂದು. ಎರಡು ಫೂಟು ನೋಡಿ ಎಂಟು ಫೂಟಿನ ಮಾತು ನಂಬಿದೆ. ಕರೆಂಟು ಇಳಿಯಾಕ ಹಸಿ ನೆಲ ಬೇಕು, ಇದು ಹಸಿ ಬರದಂಗ ಸುಟ್ಟ ಕುಣಿ. ನಾಳೆ ಬಂದು ಬ್ಯಾರೆ ಕುಣಿ ನಾನ ತೋಡತೇನಿ. ಇದಕ್ಕ ನೀವೇನೂ ಕೊಡೂದು ಬ್ಯಾಡ."

"ಅಲ್ಲವಾ, ನಾನೂ..." ಅಂದ ಶಂಕ್ರಪ್ಪ, ಖಾಲಿ ಕೊಡ ಎತ್ತಿ ಮಗ್ಗಲಕ್ಕ ಇಟ್ಟ.

ಹೋಗೂಕಿಂತ ಮೊದಲ ಆಕಿ ನನ್ನನ್ನ ಮತ್ತ ಕೇಳಿದಳು. "ಅಮ್ಮಾರ, ಈ ಬ್ಯಾಸಗ್ಯಾಗೂ ನಿಮ್ಮ ಹಿತ್ತಲದಾಗ ಹಸೀ ಇರೋ ಜಾಗ ಯಾವುದ್ರಿ? ಅರಬಿ ಒಣಗಲಾರದ್ದು, ಕಸ ಹಸರಗ ಇರೋದು?"

ಬಚ್ಚಲದ ನೀರು ಹೋಗಿ ಇಂಗೋ ಬಾಳಿಗಿಡದ ಬುಡ ತೋರಿಸಿದೆ. ಶಂಕ್ರಪ್ಪ ಅದಕ್ಕ ತಕರಾರು ತಗದ.

"ಬಚ್ಚಲ ನೀರಿನ್ಯಾಗ ಕರೆಂಟು ಬಿಡತಿಯೇನು? ಜಳಕಾ ಮಾಡೋರ ಗತಿ ಏನು?"

"ಬಿಡೂದಿಲ್ರಿ, ಇಳಸೂದು. ನೀವು ಆರಾಮ ಜಳಕಾ ಮಾಡ್ರಿ, ಎಷ್ಟು ಮಾಡಿದ್ರೂ ನನ್ನ ಕೆಲಸಕ್ಕ ಚಲೋ."

ಐಶ್ವರ್ಯ ನಕ್ಕಳು. ಎರಡು ದಿನದಾಗ ಆಕಿ ನಕ್ಕಿದ್ದು ಅದೊಂದ ಸಲ. ಖೋಲಿಗೆ ಒಯ್ಯೂದಕ್ಕ ಅಂತ ಒಂದು ಚೀಲ ಆಗಲೇ ತುಂಬಿಟ್ಟಿದ್ದಳು. ಅದರಾಗ ಕೂಸಿನ ಅಂಗಿ ಹಾಕಬೇಕೋ ಬ್ಯಾಡೋ ಅಂತ ತಗದು ಇಡೂದು, ಇಟ್ಟು ತಗಿಯೂದು ಮಾಡತಿದ್ದಳು.

ರವಿವಾರ ನುಜಹತ ಒಂಬತ್ತಕ್ಕ ಬಂದಳು. ಬಾಳಿಗಿಡದ ಬುಡಕ್ಕ ಮ್ಯಾಲ ಹಸಿ ಮಣ್ಣು, ಒಂದೂವರೆ ಫೂಟಿನ ಕೆಳಗ ಹಳೇ ಪಾಯಾದ ಕಲ್ಲು. ಅಲ್ಲಿಂದ ಒಂದು ಗಜ ಸರಿದು ಮತ್ತ ಸುರು ಮಾಡಿದಳು. ಹನ್ನೊಂದಕ್ಕ ಲೋಹಿತ ಶಿಗ್ಗಾಂವಿಯಿಂದ ಬಂದ. ಅವನ ಅಂಗಡಿಗೆ ಬರೋ ಗಿರಾಕಿ ಒಬ್ಬ ಅವನಿಗೆ ಒಂದು ಉಪಾಯ ಹೇಳಿ ಕಳಿಸಿದ್ದ.

"ನುಜಹತ ಅವ್ರ, ಇಷ್ಟು ಕಷ್ಟ ಬ್ಯಾಡ್ರಿ. ಪ್ಲಗ್ಗಿನ್ಯಾಗ ಅರ್ತಿಂಗ್ ವಯರನ್ನ ನ್ಯೂಟ್ರಲ್‌ಗೆ, ಅದ ಕರೆಂಟು ತಿರುಗಿ ಹೋಗೋ ವಯರಿಗೆ, ಜೋಡಿಸಿಬಿಟ್ರ ಪೆಟಗಿಗೆ ಗೊತ್ತಾಗೂದಿಲ್ಲಂತ. ಹಸರು ದೀಪ ಬರತೈತಂತ. ಐದು ಮಿನಿಟಿನ ಕೆಲಸ."

"ಬರತೈತ್ರಿ."

"ಮತ್ತ?"

ಆಕಿ ಹಾರಿ ಊರಿ ನಿಂತಳು. ತುಟಿ ಒಣಗಿ ಬೆಳ್ಳಗಾಗಿದ್ದವು. "ಪೆಟಗಿ ಕಣ್ಣಿಗೆ ಮಣ್ಣು ಹಾಕಬಹುದು ಅಣ್ಣಾ. ಆದ್ರ ಗಾಳಿಗೆ ಕಂಬದಾಗ ನ್ಯೂಟ್ರಲ್ ಕಡೀತು ಅಂತ ತಿಳ್ಕೋರಿ, ಕಾರಿನ ಮೈತುಂಬ ಕರೆಂಟು. ಐಶ್ವರ್ಯಕ್ಕ ಬಗಲಾಗ ಕೂಸಿನ್ನ ಹಿಡಕೊಂಡು ಕಾರಿನ ಬಾಗಿಲಕ್ಕ ಕೈ ಹಚ್ಚತಾಳ. ನಿಮಗ ಬೇಕಂದ್ರ ಬ್ಯಾರೆಯವರನ್ನ ಕರೀರಿ. ನಾ ಮಾಡೂದಿಲ್ಲ."

"ನಾಳೆ ಎಂಟಕ್ಕ ಆಕಿ ಹೋಗಬೇಕ್ರಿ" ಅಂದ ಲೋಹಿತ. ಸಿಟ್ಟಿಗಿಂತ ಅಂಜಿಕಿ ಹೆಚ್ಚಿತ್ತು ಅವನ ಧ್ವನಿಯೊಳಗ.

"ಇವತ್ತ ಆಗ್ಲಿಲ್ಲಂದ್ರ ನಾಳೆ ನನ್ನ ಸ್ಕೂಟರ್ ಮ್ಯಾಲ ಅಕ್ಕನ್ನ ಹಾನಗಲ್ಲಿಗೆ ಬಿಟ್ಟು, ಸಂಜೀಕ ತಿರುಗಿ ಕರ್ಕೊಂಡು ಬರತೇನಿ. ನಾಡದೂ ಬರತೇನಿ. ಇದು ಸರಿ ಆಗೂತನಕ ಬರತೇನಿ."

ಐಶ್ವರ್ಯ ಹಿತ್ತಲ ಬಾಗಿಲದಾಗ ನಿಂತು ಎಲ್ಲಾ ಕೇಳಿದ್ದಳು. "ಆಕಿ ಹೇಳಿದಂಗ ಆಗ್ಲಿ. ನಾ ಬೇಕಾದ್ರ ಖೋಲಿಗೆ ಹೋಗತೇನಿ, ಅಂಥಾ ಹಸರು ದೀಪ ನನಗ ಬ್ಯಾಡ" ಅಂದಳು.

ನುಜಹತ ಮತ್ತ ಹಾರಿ ಎತ್ತಿದಳು. ಮಧ್ಯಾಹ್ನ ಒಂದರ ಬಿಸಿಲು. ನಾಲ್ಕು ಫೂಟಿನ ಕೆಳಗ ನೆಲ ಬಿಗಿಯಾಗಿತ್ತು, ಒಂದೊಂದು ಏಟಿಗೆ ಹಿಡಿ ಮಣ್ಣು. ಏಟಿಗೂ ಏಟಿಗೂ ನಡುವಿನ ಹೊತ್ತು ಉದ್ದ ಆಗಾಕತ್ತಿತ್ತು. ನಾ ಕುಂತಲ್ಲಿಂದ ಅದ ಕೇಳತಿದ್ದೆ. ನೋಡಬೇಕಂತಿಲ್ಲ, ಸಪ್ಪಳ ಹೇಳತಿತ್ತು. ನೀರು ಕುಡಿ ಅಂತ ಹೇಳೂವಂಗೂ ಇಲ್ಲ.

ಶಂಕ್ರಪ್ಪ ಒಳಗ ಊಟಕ್ಕ ಕುಂತಿದ್ದ. ಎರಡನೇ ರೊಟ್ಟಿ ಮುರದಾವ ಹಂಗ ಇಟ್ಟು, ಕೈ ತೊಳಕೊಂಡು ಹೊರಗ ಬಂದ. ಆಕಿ ಕೈಯಾಗಿನ ಹಾರಿ ತಗೊಂಡು ಕುಣಿಯೊಳಗ ಇಳಿದ. ಅರವತ್ತು ದಾಟಿದ ಮನಿಷ್ಯಾ, ಹೊಲದಾಗ ಆಳು ಹಚ್ಚಿ ಮಾಡಿಸೋ ಪೈಕಿ. ಲೋಹಿತ ಅಂಗಿ ಬಿಚ್ಚಿ ಮಣ್ಣು ಎತ್ತಾಕ ನಿಂತ.

"ಕಾಕಾ, ಸೀದಾ ಹೊಡೀರಿ. ಅಡ್ಡ ಹೊಡದ್ರ ಬಾಯಿ ದೊಡ್ಡದಾಗತೈತಿ."

"ನನಗ ಕುಣಿ ತೋಡೋದು ಕಲಸ್ತಿಯೇನು?"

"ಕಲಸ್ತೇನ್ರಿ. ನೀವು ಹಗೇವಿನ ಕುಣಿ ಬಲ್ಲಿರಿ, ಇದು ಅದಲ್ಲ."

"ಹಗೇವೂ ಬಲ್ಲೆ ಅಂತ ಯಾರು ಹೇಳಿದ್ರು?" ಅಂದ ಶಂಕ್ರಪ್ಪ ಕುಣಿಯೊಳಗಿಂದ. ತನ್ನನ್ನ ತಾನ ಹಂಗ ಆಡಿಕೊಂಡಿದ್ದನ್ನ ನಾ ಅವನ ಜನ್ಮದಾಗ ಕೇಳಿರಲಿಲ್ಲ.

ನಾಲ್ಕು ಗಂಟೆ ದಾಟಿದ ಮ್ಯಾಲ ಪೈಪು ಪೂರಾ ಇಳೀತು. ಲೋಹಿತ ಕೊಡ ಹಿಡಕೊಂಡು ಓಡಿ ಬಂದ. ನುಜಹತ ಕೈ ಅಡ್ಡ ಹಿಡಿದಳು.

"ನೀರು ಹಾಕಬ್ಯಾಡ್ರಿ. ಉಪ್ಪೂ ಬ್ಯಾಡ. ಮೊನ್ನೆ ನೀರ ನನಗ ಸುಳ್ಳು ಹೇಳಿತು. ಇವತ್ತ ಬರೇ ನೆಲ ಏನ ಹೇಳತೈತಿ ಕೇಳೋಣು."

ಬಲ್ಬು ಹಿಡಿದಳು. ಅದು ಬೆಳ್ಳಗ ಹತ್ತಿತು. ತಗದಳು, ಮತ್ತ ಹಿಡಿದಳು. ಹತ್ತು ಮಿನಿಟು ಬಿಟ್ಟು ಮತ್ತೊಮ್ಮೆ. ಅದಾದ ಮ್ಯಾಲ ಉಪ್ಪು, ಇದ್ದಲಿ, ನೀರು ಎಲ್ಲಾ ಹಾಕಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು, ಹಿತ್ತಲದಿಂದ ಮನಿ ಸುತ್ತ ಮುಂದಿನ ಗೋಡಿತನಕ ಕಬ್ಬಿಣದ ಪಟ್ಟಿ ಎಳೆದು ಜೋಡಿಸಿದಳು. ಹಗೇವಿನ್ಯಾಗಿನ ವಯರನ್ನ ಕತ್ತರಿಸಿ ಹಾಕಿದಳು, ನಾಳೆ ಯಾರೂ ಅದನ್ನ ನಂಬಬಾರದು ಅಂತ. ಜೇಬಿನ ಗುಂಡಿ ಬಿಚ್ಚಿ ಫ್ಯೂಸ್ ತಗದು ಕೂಡಿಸಿದಾಗ ಹೊತ್ತು ಇಳಿದಿತ್ತು. ಪೆಟಗಿಯ ದೀಪ ಹಸರಾತು. ಯಾರೂ ಓಣಿಯವರನ್ನ ಕರೀಲಿಲ್ಲ. ಎಲ್ಲಾರೂ ಅದನ್ನ ನೋಡಿಕೊಂತ ನಿಂತರು, ಮತ್ತ ಕೆಂಪಗ ಆಗತೈತೇನೋ ಅನ್ನೋಹಂಗ.

ರೋಜಾ ಬಿಡೋ ಹೊತ್ತಾಗಿತ್ತು. ಸವಣೂರು ಮುಟ್ಟೂತನಕ ತಡೀತೇನಿ ಅಂದರ ಐಶ್ವರ್ಯ ಕೇಳಲಿಲ್ಲ, ಕಟ್ಟಿ ಮ್ಯಾಲ ಚಾಪಿ ಹಾಸಿದಳು. ನುಜಹತ ಚೀಲದಿಂದ ಖಜೂರಿ ತಗದಳು. ಶಂಕ್ರಪ್ಪ ತಾನ ತಂಬಿಗಿ ತಂದು ಆಕಿ ಮುಂದ ಇಟ್ಟ, ಇಟ್ಟು ಅಲ್ಲೇ ಕುಂತ. ಕೈಯಾಗ ಗುಳ್ಳಿ ಎದ್ದಿದ್ದವು.

"ನೋಯಾಕತ್ತಾವೇನ್ರಿ ಕಾಕಾ?"

"ಸುಮ್ನ ನೀರು ಕುಡಿ" ಅಂದ.

ಸೋಮವಾರ ಎಂಟಕ್ಕ ಐದು ಮಿನಿಟು ಇದ್ದಾಗ ಐಶ್ವರ್ಯ ಕೂಸಿಗೆ ಕುಡಿಸಿ ನನ್ನ ತೊಡಿ ಮ್ಯಾಲ ಹಾಕಿ ಕಾರು ಬಿಟ್ಟಳು. ತುಂಬಿಟ್ಟ ಚೀಲ ಮನ್ಯಾಗ ಉಳೀತು. ಕೂಸು ಮಧ್ಯಾಹ್ನ ರಾಗಿ ಗಂಜಿ ಕುಡೀತು, ಮಲಗಿತು, ಎದ್ದು ತಾಯಿನ್ನ ಹುಡುಕಿತು. ಇನ್ನೇನು ಅಳೂದು ಜೋರ ಆಗತೈತಿ ಅನ್ನೂದರೊಳಗ, ಐದೂ ನಲವತ್ತಕ್ಕ ಕಾರು ಸಪ್ಪಳಿಲ್ಲದ ಅಂಗಳಕ್ಕ ಬಂತು.

ಐಶ್ವರ್ಯ ಚಪ್ಪಲಿ ಬಿಟ್ಟಾಕಿ ಕೂಸಿನ್ನ ತಗೊಂಡು ಒಳಗ ಕುಂತಾಗ ಫೋನು ಬಂತು. ಕೈ ಖಾಲಿ ಇಲ್ಲ, ನಾನ ಎತ್ತಿ ಆಕಿ ಕಿವಿಗೆ ಹಿಡಿದೆ. ನುಜಹತನ ಧ್ವನಿ ನನಗೂ ಕೇಳಾಕತ್ತಿತ್ತು.

"ಅಕ್ಕಾ, ಕಾರು ಚುಚ್ಚೀರೇನ್ರಿ? ಯಾವ ದೀಪ ಐತಿ?"

"ಮಾವ ಚುಚ್ಚ್ಯಾರ. ನಾ ಇಳಿಯೂಕಿಂತ ಮೊದಲ ವಯರು ಹಿಡಕೊಂಡು ನಿಂತಿದ್ರು. ಹಸರು ಐತಿ."

"ಬಂದಾಗ ಎಷ್ಟು ಉಳಿದಿತ್ರಿ?"

"ಅರ್ಧಕ್ಕಿಂತ ಸ್ವಲ್ಪ ಕಮ್ಮಿ."

"ಹಂಗಾದ್ರ ಬೆಳಗಾಗೂದರೊಳಗ ತುಂಬತೈತಿ" ಅಂದಳು ನುಜಹತ. ಆ ಕಡೆ ಮೋಟರ್ ತಿರುಗೋ ಸಪ್ಪಳ, ನಯೀಮ ಏನೋ ಕೂಗಿ ಕೇಳೋದು. ಅಪ್ಪಗ ಈಕಿ, "ಸಬ್ ಠೀಕ್ ಹೈ ಅಬ್ಬಾ" ಅಂದದ್ದು ಕೇಳಿಸ್ತು. ಆಮ್ಯಾಲ ಮತ್ತ ಐಶ್ವರ್ಯಗ: "ಕೂಸು ಏನ ಮಾಡಾಕತ್ತೈತ್ರಿ?"

"ಕುಡಿಯಾಕತ್ತೈತಿ."

"ಕುಡೀಲಿ. ಇಡತೇನಿ" ಅಂದು ಇಟ್ಟಳು.